ಹ್ಯಾಪಿ, ಗ್ಲಾಡ್, ಜಾಯ್, ಕಂಟೆಂಟ್: ಯಾವ ಖುಷಿಗೆ ಯಾವ ಪದ?

ಕೆಲವು ವರ್ಷಗಳ ಹಿಂದೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ಬೀಳ್ಕೊಡುಗೆಯ ಕಾರ್ಡ್ ಮೇಜಿನಿಂದ ಮೇಜಿಗೆ ಸುತ್ತಿ ನನ್ನ ಹತ್ತಿರವೂ ಬಂತು. ಎಲ್ಲರೂ ಒಂದೊಂದು ಸಾಲು ಬರೆದಿದ್ದರು. ನಾನೂ ಬರೆದೆ: ‘ವಿ ಆರ್ ಸೋ ಗ್ಲಾಡ್ ಯು ಆರ್ ಲೀವಿಂಗ್.’

ನನ್ನ ಮನಸ್ಸಿನಲ್ಲಿ ಇದ್ದದ್ದು ‘ನಿನಗೆ ಒಳ್ಳೇದಾಯ್ತಲ್ಲ, ನಮಗೆಲ್ಲ ಖುಷಿ’ ಅಂತ. ಕಾರ್ಡಿನ ಮೇಲೆ ಬಿದ್ದದ್ದು ‘ಸದ್ಯ, ನೀನು ಹೋಗ್ತಿದ್ದೀಯಲ್ಲ!’ ಅಂತ. ಅವಳು ಓದಿದಳು, ತಲೆಯೆತ್ತಿ ನನ್ನ ಕಡೆ ನೋಡಿದಳು, ಜೋರಾಗಿ ನಕ್ಕಳು. ನಗುವ ಸ್ವಭಾವದವಳು, ಬಚಾವಾದೆ.

ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಸ್ಪೆಲ್ಲಿಂಗಿನಲ್ಲೂ ಇರಲಿಲ್ಲ. ಪದ ಆರಿಸಿದ್ದರಲ್ಲಿ ಎಡವಿದ್ದೆ. ಅದಕ್ಕೆ ನಿಘಂಟಿನ ಪಾಲೂ ಇದೆ ಅನ್ನಿ. ನಿಘಂಟು ತೆರೆದರೆ ಹ್ಯಾಪಿಗೂ ಸಂತೋಷ, ಗ್ಲಾಡ್‌ಗೂ ಸಂತೋಷ, ಪ್ಲೀಸ್ಡ್‌ಗೂ ಸಂತೋಷ. ಡಿಲೈಟ್‌ಗೆ ಹೋದರೆ ‘ಬಹಳ ಸಂತೋಷ’. ಎಲ್ಲ ಬೀಗಕ್ಕೂ ಒಂದೇ ಕೀಲಿಕೈ ಕೊಟ್ಟು ಕಳಿಸಿದ ಹಾಗೆ.

ಆಮೇಲೆ ಎಷ್ಟೋ ಪತ್ರ, ಮೇಲ್, ಅನುವಾದ ಅಂತ ಈ ಪದಗಳ ಜೊತೆ ಗುದ್ದಾಡಿದ್ದೇನೆ. ಕೊನೆಗೆ ಉಪಯೋಗಕ್ಕೆ ಬಂದದ್ದು ಕನ್ನಡದಲ್ಲೇ ಇರುವ ಒಂದು ಸಣ್ಣ ವ್ಯತ್ಯಾಸ.

ಖುಷಿ ಆಯಿತಾ, ಖುಷಿಯಾಗಿ ಇದ್ದೀರಾ?

ಈ ಎರಡು ವಾಕ್ಯ ನೋಡಿ. ‘ನನಗೆ ಖುಷಿಯಾಯಿತು.’ ‘ನಾನು ಖುಷಿಯಾಗಿದ್ದೇನೆ.’

ಮೊದಲನೆಯದರಲ್ಲಿ ಏನೋ ಒಂದು ನಡೆದಿದೆ. ಸುದ್ದಿ ಬಂದಿದೆ, ಯಾರೋ ಸಿಕ್ಕಿದ್ದಾರೆ, ಏನೋ ಮುಗಿದಿದೆ. ಖುಷಿ ಹೊರಗಿನಿಂದ ‘ನನಗೆ’ ಬಂದು ಮುಟ್ಟಿದೆ. ಕೇಳಿದವರು ತಕ್ಷಣ ‘ಯಾಕೆ? ಏನಾಯ್ತು?’ ಅನ್ನುತ್ತಾರೆ. ಎರಡನೆಯದರಲ್ಲಿ ‘ನಾನು’ ಹಾಗಿದ್ದೇನೆ, ಅಷ್ಟೇ. ಕಾರಣ ಹೇಳಲೇಬೇಕು ಅಂತಿಲ್ಲ.

ಇಂಗ್ಲಿಷಿನ ಪದಗಳನ್ನೂ ಹೀಗೇ ಎರಡು ಗುಂಪು ಮಾಡಬಹುದು. ಗ್ಲಾಡ್, ಪ್ಲೀಸ್ಡ್, ಡಿಲೈಟೆಡ್, ಥ್ರಿಲ್ಡ್, ಓವರ್‌ಜಾಯ್ಡ್ ಇವೆಲ್ಲ ‘ಆಯಿತು’ ಗುಂಪಿನವು. ಕಂಟೆಂಟ್, ಚಿಯರ್‌ಫುಲ್, ಜಾಲಿ, ಬ್ಲಿಸ್‌ಫುಲ್ ‘ಇದ್ದೇನೆ’ ಗುಂಪಿನವು. ಹ್ಯಾಪಿ ಒಂದೇ ಎರಡೂ ಕಡೆ ಸಲೀಸಾಗಿ ಓಡಾಡಿಕೊಂಡಿರುತ್ತದೆ. ಅದಕ್ಕೇ ನಾವು ಎಲ್ಲಕ್ಕೂ ಅದನ್ನೇ ಹಾಕಿ ಕೈ ತೊಳೆದುಕೊಳ್ಳುವುದು. ತಪ್ಪೇನೂ ಆಗುವುದಿಲ್ಲ, ಬರಹ ಮಾತ್ರ ಸಪ್ಪೆಯಾಗುತ್ತದೆ.

ವಾಕ್ಯ ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ಕೊನೆಗೆ ‘ಆಯಿತು’ ಬಂತೋ ‘ಇದ್ದೇನೆ’ ಬಂತೋ ನೋಡಿ. ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಹ್ಯಾಪಿ ಮತ್ತು ಗ್ಲಾಡ್

ಜಾಸ್ತಿ ಗೊಂದಲ ಇರುವುದು ಈ ಜೋಡಿಯಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಗ್ಲಾಡ್‌ಗೆ ಯಾವಾಗಲೂ ಕಾರಣ ಬೇಕು. ಸುಮ್ಮನೆ ಕೂತು ‘ಐ ಆಮ್ ಗ್ಲಾಡ್’ ಅಂದರೆ ಮಾತು ಅರ್ಧಕ್ಕೇ ನಿಂತ ಹಾಗೆ ಕೇಳುತ್ತದೆ. ‘ಯು ಕೇಮ್’ ಅಂತಲೋ ‘ಟು ಹಿಯರ್ ಇಟ್’ ಅಂತಲೋ ಮುಂದೆ ಬಾಲ ಬೇಕು. ಎರಡನೆಯದು, ಗ್ಲಾಡ್ ನಾಮಪದದ ಮುಂದೆ ಕೂರುವುದು ಬಹಳ ಅಪರೂಪ. ‘ಎ ಹ್ಯಾಪಿ ಚೈಲ್ಡ್’ ಸರಿ. ‘ಎ ಗ್ಲಾಡ್ ಚೈಲ್ಡ್’ ಅಂತ ಈಗ ಯಾರೂ ಹೇಳುವುದಿಲ್ಲ. ‘ಗ್ಲಾಡ್ ಟೈಡಿಂಗ್ಸ್’ (ಶುಭ ಸುದ್ದಿ) ತರಹದ ಹಳೆಯ ಜೋಡಿಪದಗಳಲ್ಲಿ ಮಾತ್ರ ಅದು ಉಳಿದುಕೊಂಡಿದೆ.

ಮೂರನೆಯದು ನನ್ನನ್ನು ಕಾರ್ಡಿನಲ್ಲಿ ಕೆಡವಿದ್ದು. ಗ್ಲಾಡ್‌ನ ಒಳಗೆ ಎಷ್ಟೋ ಸಲ ಒಂದು ನಿಟ್ಟುಸಿರು ಇರುತ್ತದೆ. ಕನ್ನಡದಲ್ಲಿ ಅದಕ್ಕೆ ಸರಿಯಾದ ಪದ ನಿಘಂಟಿನ ‘ಸಂತೋಷ’ ಅಲ್ಲ, ನಾವು ದಿನಾ ಆಡುವ ‘ಸದ್ಯ’. ‘ಸದ್ಯ, ಪರೀಕ್ಷೆ ಮುಗೀತು’ ಅನ್ನುವುದಕ್ಕೆ ‘ಐ ಆಮ್ ಗ್ಲಾಡ್ ಇಟ್ಸ್ ಓವರ್’. ‘ಸದ್ಯ, ನಿನಗೇನೂ ಪೆಟ್ಟಾಗಲಿಲ್ಲ’ ಅನ್ನುವುದಕ್ಕೆ ‘ಐ ಆಮ್ ಗ್ಲಾಡ್ ಯು ಆರ್ ನಾಟ್ ಹರ್ಟ್’. ಈ ಜಾಗಗಳಲ್ಲಿ ಹ್ಯಾಪಿ ಹಾಕಿದರೆ ತಪ್ಪಲ್ಲ, ಆದರೆ ಆ ನಿಟ್ಟುಸಿರು ಕಳೆದುಹೋಗುತ್ತದೆ. ಈಗ ‘ಗ್ಲಾಡ್ ಯು ಆರ್ ಲೀವಿಂಗ್’ ಮತ್ತೊಮ್ಮೆ ಓದಿ. ಗೊತ್ತಾಯ್ತಲ್ವಾ?

ಆ ಕಾರ್ಡಿಗೆ ಬೇಕಿದ್ದದ್ದು ‘ಹ್ಯಾಪಿ ಫಾರ್ ಯು’. ಹ್ಯಾಪಿಯ ನಿಜವಾದ ಆಟ ಅದರ ಹಿಂದೆ ಬರುವ ಪುಟ್ಟ ಪದದಲ್ಲಿದೆ. ‘ಫಾರ್’ ಬಂದರೆ ಮುಂದೆ ಮನುಷ್ಯರು ಬರುತ್ತಾರೆ: ಒಳ್ಳೆಯದಾಗಿರುವುದು ಅವರಿಗೆ, ಅದನ್ನು ಕಂಡು ಖುಷಿ ನನಗೆ. ‘ಅಬೌಟ್’ ಬಂದರೆ ಮುಂದೆ ವಿಷಯ: ನಡೆದ ಸಂಗತಿ ನನಗೆ ಇಷ್ಟವಾಗಿದೆ. ‘ವಿತ್’ ಬಂದರೆ ಅದು ಖುಷಿಗಿಂತ ಒಪ್ಪಿಗೆ: ಸಿಕ್ಕಿದ್ದು ಸರಿಯಿದೆ, ದೂರಿಲ್ಲ. ಇನ್ನು ‘ಟು’ ಬಂದು ಕ್ರಿಯಾಪದ ಸೇರಿದರೆ ಖುಷಿಯ ಮಾತೇ ಅಲ್ಲ, ‘ಅಡ್ಡಿಯಿಲ್ಲ, ಮಾಡಿಕೊಡ್ತೀನಿ’ ಅಂತ. ‘ಹ್ಯಾಪಿ ಟು ಹೆಲ್ಪ್’ ಅಂದವರು ಕುಣಿಯುತ್ತಿದ್ದಾರೆ ಅಂತ ಅಂದುಕೊಳ್ಳಬೇಡಿ.

‘ವಿತ್’ನ ಈ ಅರ್ಥ ಗೊತ್ತಿಲ್ಲದೆ ನಾನು ಒಂದು ಮೀಟಿಂಗಿನಲ್ಲಿ ಪೇಚಿಗೆ ಸಿಕ್ಕಿದ್ದೆ. ಬ್ರಿಟನ್ನಿನವರೊಬ್ಬರು ವೇಳಾಪಟ್ಟಿ ಓದಿ ಮುಗಿಸಿ ನನ್ನ ಕಡೆ ತಿರುಗಿ ‘ಆರ್ ಯು ಹ್ಯಾಪಿ ವಿತ್ ದಟ್?’ ಅಂದರು. ವೇಳಾಪಟ್ಟಿಯಲ್ಲಿ ಸಂತೋಷಪಡುವಂಥದ್ದು ಏನಿದೆ ಅಂತ ನಾನು ಯೋಚಿಸುತ್ತಾ ಕೂತೆ. ಅವರು ನನ್ನ ಮೌನ ನೋಡಿ ಇವರಿಗೇನೋ ಆಕ್ಷೇಪ ಇದೆ ಅಂದುಕೊಂಡರು. ಅವರು ಕೇಳಿದ್ದು ‘ಆಗಬಹುದಾ?’ ಅಂತ ಮಾತ್ರ. ಹಾಗೆಯೇ ಯಾರಾದರೂ ‘ಐ ಆಮ್ ನಾಟ್ ವೆರಿ ಹ್ಯಾಪಿ ವಿತ್ ದಿಸ್’ ಅಂತ ಮೆಲ್ಲಗೆ ಬರೆದರೆ ಅವರಿಗೆ ಸ್ವಲ್ಪ ಬೇಸರ ಅಂತ ತಿಳಿಯಬೇಡಿ. ಸಾಕಷ್ಟು ಸಿಟ್ಟು ಬಂದಿರುತ್ತದೆ.

ಈ ಪದಗಳ ಹುಟ್ಟು ನೋಡಿದರೆ ಇಷ್ಟೆಲ್ಲ ಯಾಕೆ ಅಂತ ಸ್ವಲ್ಪ ತಿಳಿಯುತ್ತದೆ. ಹ್ಯಾಪಿಯ ಒಳಗಿರುವ ‘ಹ್ಯಾಪ್’ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಅರ್ಥ ಅದೃಷ್ಟ. ಹ್ಯಾಪನ್, ಪರ್‌ಹ್ಯಾಪ್ಸ್, ಮಿಸ್‌ಹ್ಯಾಪ್ ಎಲ್ಲವೂ ಅದೇ ಮನೆಯವು. 14ನೇ ಶತಮಾನದಲ್ಲಿ ಹ್ಯಾಪಿ ಅಂದರೆ ಅದೃಷ್ಟವಂತ. ಖುಷಿಯ ಅರ್ಥ ಆಮೇಲೆ ಸೇರಿದ್ದು. ಈಗಲೂ ‘ಹ್ಯಾಪಿ ಕೋಇನ್ಸಿಡೆನ್ಸ್’ ಅಂದರೆ ಕಾಕತಾಳೀಯ ಖುಷಿಪಡುತ್ತಿದೆ ಅಂತಲ್ಲ, ಅದೃಷ್ಟಕ್ಕೆ ಕೂಡಿಬಂತು ಅಂತ. ಗ್ಲಾಡ್‌ಗೆ ಹಳೆಯ ಇಂಗ್ಲಿಷಿನಲ್ಲಿ ಹೊಳೆಯುವ, ಬೆಳಗುವ ಅನ್ನುವ ಅರ್ಥ ಇತ್ತು. ಸುದ್ದಿ ಕೇಳಿ ಮುಖ ಬೆಳಗಿತು ಅನ್ನುತ್ತೇವಲ್ಲ, ಹಾಗೆ. ಬೆಳಗುವುದು ಒಂದು ಗಳಿಗೆಯ ಕೆಲಸ. ಗ್ಲಾಡ್ ಇವತ್ತಿಗೂ ಆ ಗಳಿಗೆ ಬಿಟ್ಟು ಹೊರಗೆ ಬಂದಿಲ್ಲ.

ಇನ್ನೂ ಆಗದ ವಿಷಯಕ್ಕೆ ಇವೆರಡಕ್ಕಿಂತ ಎಕ್ಸೈಟೆಡ್ ಸರಿ. ಮುಂದಿನ ತಿಂಗಳ ಪ್ರಯಾಣದ ಬಗ್ಗೆ ಈಗಲೇ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ಅಂದರೆ ನೀವು ಎಕ್ಸೈಟೆಡ್. ಹೋಗಿ ಬಂದ ಮೇಲೆ, ಹೋದದ್ದು ಒಳ್ಳೇದಾಯ್ತು ಅನ್ನಿಸಿದರೆ ಗ್ಲಾಡ್.

ಪ್ಲೀಸ್ಡ್, ಸ್ಯಾಟಿಸ್ಫೈಡ್, ಕಂಟೆಂಟ್: ಯಾರು ಯಾರಿಗೆ ಹೇಳುತ್ತಿದ್ದಾರೆ?

ಈ ಮೂರು ಪದಗಳಲ್ಲಿ ಅರ್ಥಕ್ಕಿಂತ ಹೇಳುವವರ ಸ್ಥಾನ ಮುಖ್ಯ.

ಪ್ಲೀಸ್ಡ್ ಸ್ವಲ್ಪ ಇಸ್ತ್ರಿ ಹಾಕಿದ ಪದ. ‘ವಿ ಆರ್ ಪ್ಲೀಸ್ಡ್ ಟು ಇನ್ಫಾರ್ಮ್ ಯು’ ಅಂತ ಸಂಸ್ಥೆಗಳು ಪತ್ರ ಬರೆಯುತ್ತವೆ. ಅಲ್ಲಿ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ‘ಪ್ಲೀಸ್ಡ್ ವಿತ್’ ಅಂತ ಒಬ್ಬ ಮನುಷ್ಯನ ಬಗ್ಗೆ ಬರೆದರೆ ಮೇಲಿನವರು ಕೆಳಗಿನವರ ಬೆನ್ನು ತಟ್ಟಿದ ಹಾಗೆ ಕೇಳುತ್ತದೆ. ಗುರುಗಳು ಶಿಷ್ಯನ ಬಗ್ಗೆ ಹೇಳಬಹುದು. ಶಿಷ್ಯ ಗುರುಗಳಿಗೆ ‘ಐ ಆಮ್ ಪ್ಲೀಸ್ಡ್ ವಿತ್ ಯುವರ್ ಡಿಸಿಷನ್’ ಅಂತ ಬರೆದರೆ, ‘ನಿಮ್ಮ ತೀರ್ಮಾನ ಮೆಚ್ಚಿದೆ, ಶಭಾಷ್’ ಅಂದ ಹಾಗಾಗುತ್ತದೆ. ಅಲ್ಲಿ ‘ಗ್ಲಾಡ್ ಟು ಹಿಯರ್’ ಸಾಕು. ಯಾರಾದರೂ ‘ಪ್ಲೀಸ್ಡ್ ವಿತ್ ಹಿಮ್‌ಸೆಲ್ಫ್’ ಅಂದರೆ ಅದು ಹೊಗಳಿಕೆಯಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವರಿಗೆ ಆ ಮಾತು.

ಸ್ಯಾಟಿಸ್ಫೈಡ್ ಇನ್ನೂ ಹುಷಾರಾಗಿ ಬಳಸಬೇಕಾದ ಪದ. ಒಮ್ಮೆ ಒಬ್ಬರು ರಾತ್ರಿಯೆಲ್ಲ ಕೂತು ನನ್ನದೊಂದು ದೊಡ್ಡ ಅನುವಾದ ತಿದ್ದಿ ಕೊಟ್ಟರು. ಅಚ್ಚುಕಟ್ಟಾದ ಕೆಲಸ. ನಾನು ಮನಸ್ಸು ತುಂಬಿ ಬರೆದೆ: ‘ಐ ಆಮ್ ಸ್ಯಾಟಿಸ್ಫೈಡ್ ವಿತ್ ಯುವರ್ ವರ್ಕ್.’ ಹತ್ತು ನಿಮಿಷಕ್ಕೆ ಉತ್ತರ ಬಂತು. ಯಾವ ಭಾಗ ಸರಿಬಂದಿಲ್ಲ ಹೇಳಿ, ಮತ್ತೆ ನೋಡುತ್ತೇನೆ ಅಂತ!

ನನ್ನ ತಲೆಯಲ್ಲಿ ಇದ್ದದ್ದು ‘ತೃಪ್ತಿ’. ಕನ್ನಡದ ತೃಪ್ತಿ ಬೆಚ್ಚಗಿನ ಪದ, ಅದರಲ್ಲಿ ಹೊಗಳಿಕೆ ಇದೆ. ಇಂಗ್ಲಿಷಿನ ಸ್ಯಾಟಿಸ್ಫೈಡ್‌ನಲ್ಲಿ ಇರುವುದು ಲ್ಯಾಟಿನ್ನಿನ ‘ಸಾಟಿಸ್’, ಅಂದರೆ ಸಾಕು. ಬೇಕಾದಷ್ಟು ಇದೆ, ಪಾಸ್ ಮಾಡಿದ್ದೇವೆ ಅಂತ. ರಿಪೋರ್ಟ್ ಕಾರ್ಡಿನಲ್ಲಿ ‘ಸ್ಯಾಟಿಸ್‌ಫ್ಯಾಕ್ಟರಿ’ ಅಂತ ಬರೆಸಿಕೊಂಡವರಿಗೆ ಅದರ ರುಚಿ ಗೊತ್ತು. ಮೆಚ್ಚುಗೆ ಹೇಳಬೇಕಾದರೆ ಡಿಲೈಟೆಡ್ ಬಳಸಿ, ಅಥವಾ ‘ರಿಯಲಿ ಹ್ಯಾಪಿ ವಿತ್’ ಅನ್ನಿ. ಸ್ಯಾಟಿಸ್ಫೈಡ್ ಇರಲಿ ಲೆಕ್ಕ, ಷರತ್ತು, ತನಿಖೆ, ದೂರುಗಳ ಜಾಗಕ್ಕೆ.

ಇದರ ಇನ್ನೊಂದು ತಮಾಷೆ ಹೇಳಿಬಿಡುತ್ತೇನೆ. ದುಃಖಕ್ಕೆ ಇರುವ ‘ಸ್ಯಾಡ್’ ಪದವೂ ಈ ‘ಸಾಟಿಸ್’ನ ಹತ್ತಿರದ ನೆಂಟ! ಹಳೆಯ ಇಂಗ್ಲಿಷಿನಲ್ಲಿ ಸ್ಯಾಡ್ ಅಂದರೆ ತುಂಬಿಹೋದ, ಸಾಕಾದ ಅಂತಲೇ ಇತ್ತು. ಸಾಕಾಗಿ, ದಣಿದು, ಭಾರವಾಗಿ, ಕೊನೆಗೆ ದುಃಖವಾಯಿತು. ನಂಬುವುದು ಕಷ್ಟ ಅನ್ನಿಸಿದರೆ ಕನ್ನಡದಲ್ಲೇ ಹೇಳಿ ನೋಡಿ. ‘ಸಾಕು, ಇಷ್ಟೇ ಬೇಕಿತ್ತು’ ಅನ್ನುವ ಬಾಯಲ್ಲೇ ‘ಸಾಕಾಗಿ ಹೋಯ್ತಪ್ಪ’ ಅಂತಲೂ ಅನ್ನುತ್ತೇವೆ.

ಕಂಟೆಂಟ್ ಹಾಗಲ್ಲ. ಅದು ಅಪ್ಪಟ ‘ಇದ್ದೇನೆ’ ಗುಂಪಿನ ಪದ. ಇದ್ದುದರಲ್ಲಿ ಮನಸ್ಸು ತುಂಬಿದೆ, ಇನ್ನೂ ಬೇಕು ಅನ್ನುವ ಹಂಬಲ ಇಲ್ಲ. ಪೆಟ್ಟಿಗೆಯ ‘ಕಂಟೆಂಟ್ಸ್’ ಅನ್ನುವಾಗಿನ ಪದವೂ ಇದೂ ಒಂದೇ ಲ್ಯಾಟಿನ್ ಬೇರಿನವು: ಒಳಗೆ ಹಿಡಿದಿಟ್ಟದ್ದು, ಹೊರಗೆ ಚೆಲ್ಲದ್ದು. ಹೇಳುವಾಗ ಮಾತ್ರ ವ್ಯತ್ಯಾಸ ಇದೆ. ಒಳಗಿನ ವಸ್ತುವಿಗೆ ಒತ್ತು ಮೊದಲ ಭಾಗದ ಮೇಲೆ, ಮನಸ್ಸಿನ ಮಾತಿಗೆ ಒತ್ತು ‘ಟೆಂಟ್’ ಮೇಲೆ. ನಾಮಪದದ ಹಿಂದೆ ಬಂದರೆ ಕಂಟೆಂಟ್, ಮುಂದೆ ಕೂತರೆ ಸಾಮಾನ್ಯವಾಗಿ ಕಂಟೆಂಟೆಡ್. ‘ಶಿ ಈಸ್ ಕಂಟೆಂಟ್’, ಆದರೆ ‘ಎ ಕಂಟೆಂಟೆಡ್ ಸ್ಮೈಲ್’.

ಸಂಸ್ಕೃತದಲ್ಲಿ ‘ಸಂತೋಷ’ದ ಅರ್ಥ ಇದೇ ಆಗಿತ್ತು, ಇದ್ದುದರಲ್ಲಿ ತೃಪ್ತಿ. ಯೋಗಸೂತ್ರದ ನಿಯಮಗಳಲ್ಲಿ ಬರುವ ಸಂತೋಷವನ್ನು ಇಂಗ್ಲಿಷಿಗೆ ತರುವವರು ಹ್ಯಾಪಿನೆಸ್ ಅನ್ನದೆ ಕಂಟೆಂಟ್‌ಮೆಂಟ್ ಅನ್ನುವುದು ಅದಕ್ಕೇ. ಕನ್ನಡಕ್ಕೆ ಬಂದು ಬಳಕೆಯಾಗುತ್ತಾ ಆ ಪದ ಸಡಿಲವಾಯಿತು. ಬಸ್ಸು ಬೇಗ ಸಿಕ್ಕರೂ ಈಗ ನಮಗೆ ಸಂತೋಷವೇ. ಹಾಗಾಗಿ ಹಳೆಯ ಪಠ್ಯ ಅನುವಾದಿಸುವವರು ಸಂತೋಷ ಕಂಡ ಕೂಡಲೇ ಹ್ಯಾಪಿ ಅಂತ ಬರೆಯದೆ ಒಂದು ಗಳಿಗೆ ತಡೆಯುವುದು ಒಳ್ಳೆಯದು.

ಹೊಸ ಕೆಲಸಕ್ಕೆ ಅರ್ಜಿ ಹಾಕುವವರು ‘ಐ ಆಮ್ ಕಂಟೆಂಟ್ ಇನ್ ಮೈ ಪ್ರೆಸೆಂಟ್ ಜಾಬ್’ ಅಂತ ಬರೆಯಬೇಡಿ. ಮತ್ತೆ ಇಲ್ಲಿಗೆ ಯಾಕೆ ಬಂದಿರಿ ಅಂತ ಕೇಳುತ್ತಾರೆ.

ಪ್ಲೆಷರ್, ಜಾಯ್, ಹ್ಯಾಪಿನೆಸ್

ನಾಮಪದಗಳಿಗೆ ಬಂದರೆ ‘ಆಯಿತು, ಇದ್ದೇನೆ’ ಪರೀಕ್ಷೆ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಕೇಳಿಕೊಳ್ಳಬೇಕಾದದ್ದು, ಖುಷಿ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿ ತಟ್ಟುತ್ತದೆ ಅಂತ.

ಬಿಸಿಲಿನಲ್ಲಿ ಬಹಳ ದೂರ ನಡೆದು ಬಂದು, ಚಪ್ಪಲಿ ಬಿಟ್ಟು, ತಣ್ಣೀರಿನಲ್ಲಿ ಕಾಲಿಟ್ಟಿದ್ದೀರಿ. ಬೆರಳ ಸಂದಿಯಲ್ಲಿ ನೀರು ನುಗ್ಗುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಅದು ಪ್ಲೆಷರ್. ಮೈಗೋ ನಾಲಿಗೆಗೋ ಕಿವಿಗೋ ಹಿತವಾದದ್ದು. ಕಾಲು ಹೊರಗೆ ತೆಗೆದರೆ ಮುಗಿಯಿತು. ಕನ್ನಡದ ‘ಸುಖ’ಕ್ಕೆ ಇದು ಹತ್ತಿರ.

ಜನಸಂದಣಿಯಲ್ಲಿ ಮಗು ಕೈ ಬಿಡಿಸಿಕೊಂಡು ಹೋಗಿದೆ. ಅರ್ಧ ಗಂಟೆ ಹುಡುಕಿದ್ದೀರಿ. ಯಾರೋ ಎತ್ತಿಕೊಂಡು ಬಂದು ಕೊಡುತ್ತಾರೆ. ಆಗ ಬರುವುದು ಜಾಯ್. ಅದರಲ್ಲಿ ಅಳುವೂ ಇರುತ್ತದೆ. ಜಾಯ್ ಕಣ್ಣೀರಿನ ಜೊತೆ ಬಂದರೆ ಇಂಗ್ಲಿಷಿನಲ್ಲಿ ಯಾರಿಗೂ ಆಶ್ಚರ್ಯವಿಲ್ಲ, ‘ಟಿಯರ್ಸ್ ಆಫ್ ಜಾಯ್’ ಅಂತ ಜೋಡಿಪದವೇ ಇದೆ. ‘ಟಿಯರ್ಸ್ ಆಫ್ ಪ್ಲೆಷರ್’ ಅಂದರೆ ಮಾತ್ರ ಕಿವಿಗೆ ಒಂಥರಾ.

ಹ್ಯಾಪಿನೆಸ್ ಇವೆರಡಕ್ಕಿಂತ ಅಗಲ. ಅದು ಗಳಿಗೆಯ ಲೆಕ್ಕವೂ ಹೌದು, ಬದುಕಿನ ಲೆಕ್ಕವೂ ಹೌದು. ಈ ಎರಡು ಅರ್ಥ ಬೆರೆತು ದೊಡ್ಡ ದೊಡ್ಡ ಕಡೆಯೇ ಗೊಂದಲವಾಗಿದೆ. ಅರಿಸ್ಟಾಟಲ್ ಬಳಸಿದ ‘ಯೂಡೈಮೋನಿಯಾ’ ಪದವನ್ನು ಇಂಗ್ಲಿಷಿನವರು ಬಹಳ ಕಾಲ ಹ್ಯಾಪಿನೆಸ್ ಅಂತಲೇ ಅನುವಾದಿಸಿದರು. ಅವನು ಹೇಳಿದ್ದು ಹಿತವಾದ ಭಾವನೆಯ ಬಗ್ಗೆ ಅಲ್ಲ, ಚೆನ್ನಾಗಿ ಬಾಳುವುದರ ಬಗ್ಗೆ. ಈಗ ಅನೇಕರು ‘ಫ್ಲರಿಶಿಂಗ್’ ಅನ್ನುತ್ತಾರೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ‘ಪರ್ಸ್ಯೂಟ್ ಆಫ್ ಹ್ಯಾಪಿನೆಸ್’ ಜನರ ಹಕ್ಕು ಅಂತ ಬರುತ್ತದೆ. ಅದನ್ನು ‘ಖುಷಿಯ ಬೆನ್ನಟ್ಟುವುದು’ ಅಂತ ಕನ್ನಡ ಮಾಡಿದರೆ ಮೋಜು ಮಾಡುವ ಹಕ್ಕು ಅನ್ನಿಸುತ್ತದೆ. ‘ಸುಖವಾಗಿ ಬಾಳಲು ಯತ್ನಿಸುವ ಹಕ್ಕು’ ಅಂದರೆ ಹತ್ತಿರ ಬರುತ್ತೇವೆ.

ಯಾವ ದೇಶದ ಜನ ಎಷ್ಟು ಹ್ಯಾಪಿ ಅಂತ ಪಟ್ಟಿ ಮಾಡುವ, 2012ರಿಂದ ಬರುತ್ತಿರುವ ವರ್ಲ್ಡ್ ಹ್ಯಾಪಿನೆಸ್ ರಿಪೋರ್ಟ್ ನೋಡಿ. ಫಿನ್ಲೆಂಡ್ ಮೊದಲ ಸ್ಥಾನ ಅಂತ ಸುದ್ದಿ ಓದಿ, ಅಲ್ಲಿನವರೆಲ್ಲ ದಿನವಿಡೀ ನಗುತ್ತಿರುತ್ತಾರೆ ಅಂತ ಅಂದುಕೊಳ್ಳುವವರಿದ್ದಾರೆ. ಆದರೆ ಆ ಪಟ್ಟಿಗೆ ಆಧಾರವಾದ ಪ್ರಶ್ನೆಯಲ್ಲಿ ಹ್ಯಾಪಿ ಅನ್ನುವ ಪದವೇ ಇಲ್ಲ. ಒಂದು ಏಣಿ ಊಹಿಸಿಕೊಳ್ಳಿ, 0 ಅಂದರೆ ನಿಮಗೆ ಸಾಧ್ಯವಿರುವ ಅತಿ ಕೆಟ್ಟ ಬದುಕು, 10 ಅಂದರೆ ಅತಿ ಒಳ್ಳೆಯ ಬದುಕು, ಈಗ ಯಾವ ಮೆಟ್ಟಿಲ ಮೇಲಿದ್ದೀರಿ ಅಂತ ಕೇಳುತ್ತಾರೆ. ಉತ್ತರದಲ್ಲಿ ಸಿಗುವುದು ಬಾಳಿನ ಲೆಕ್ಕ, ನಗುವಿನ ಲೆಕ್ಕ ಅಲ್ಲ.

ಬಳಕೆಯ ಎರಡು ಮಾತು. ‘ಐ ಆಮ್ ಜಾಯ್‌ಫುಲ್’ ಅಂತ ಮಾತಿನಲ್ಲಿ ಹೇಳುವುದು ಕಡಿಮೆ. ಜಾಯ್‌ಫುಲ್ ಹಾಡಿಗೆ, ಸಮಾರಂಭಕ್ಕೆ, ಸುದ್ದಿಗೆ ಚೆನ್ನ. ಆದರೆ ಶಿಫಾರಸು ಪತ್ರ ಬರೆಯುವಾಗ ‘ಶಿ ಈಸ್ ಎ ಜಾಯ್ ಟು ವರ್ಕ್ ವಿತ್’ ಅನ್ನುವ ಒಂದು ಸಾಲು, ಅರ್ಧ ಪುಟದ ವಿಶೇಷಣಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಬ್ರಿಟನ್ನಿನವರು ‘ಎನಿ ಜಾಯ್?’ ಅಂತ ಕೇಳಿದರೆ ತತ್ವಶಾಸ್ತ್ರಕ್ಕೆ ಇಳಿಯಬೇಡಿ. ಹುಡುಕುತ್ತಿದ್ದದ್ದು ಸಿಕ್ತಾ, ಕೆಲಸ ಆಯ್ತಾ ಅಂತ ಅಷ್ಟೇ.

ಪ್ಲೆಷರ್‌ನಲ್ಲಿ ಎಲ್ಲರೂ ಅದಲು ಬದಲು ಮಾಡುವ ಜೋಡಿ ಒಂದಿದೆ. ಯಾರಾದರೂ ‘ಇದು ಮಾಡಿಕೊಡ್ತೀರಾ?’ ಅಂತ ಕೇಳಿದಾಗ ‘ವಿತ್ ಪ್ಲೆಷರ್’, ಅಂದರೆ ‘ಅದಕ್ಕೇನಂತೆ, ಮಾಡೋಣ’. ಮಾಡಿಕೊಟ್ಟ ಮೇಲೆ ಅವರು ಥ್ಯಾಂಕ್ಸ್ ಅಂದಾಗ ‘ಮೈ ಪ್ಲೆಷರ್’. ಮೊದಲನೆಯದು ಕೆಲಸಕ್ಕೆ ಮುಂಚೆ, ಎರಡನೆಯದು ಕೆಲಸದ ನಂತರ.

ಖುಷಿ ದೊಡ್ಡದಾದಾಗ

ಖುಷಿಗೆ ನಾವು ಕನ್ನಡದಲ್ಲಿ ‘ತುಂಬಾ’, ‘ಬಹಳ’ ಸೇರಿಸಿ ದೊಡ್ಡದು ಮಾಡುತ್ತೇವೆ. ಇಂಗ್ಲಿಷಿನಲ್ಲಿ ದೊಡ್ಡ ಖುಷಿಗೆ ಬೇರೆಯೇ ಪದಗಳಿವೆ. ಅವುಗಳ ಹೊಟ್ಟೆಯಲ್ಲೇ ‘ತುಂಬಾ’ ಇರುತ್ತದೆ. ಹಾಗಾಗಿ ವೆರಿ ಹ್ಯಾಪಿ, ವೆರಿ ಗ್ಲಾಡ್ ಸರಿ, ಆದರೆ ‘ವೆರಿ ಡಿಲೈಟೆಡ್’ ಅಷ್ಟು ಹೊಂದುವುದಿಲ್ಲ. ‘ವೆರಿ ಎಕ್ಸ್‌ಟಾಟಿಕ್’ ಅಂತೂ ಬೇಡವೇ ಬೇಡ. ಜಾಸ್ತಿ ಮಾಡಲೇಬೇಕಿದ್ದರೆ ‘ಆ್ಯಬ್ಸಲ್ಯೂಟ್ಲಿ’ ಸೇರಿಸಿ.

ಡಿಲೈಟೆಡ್ ಇವುಗಳಲ್ಲಿ ಸಭ್ಯ ಪದ. ಆಮಂತ್ರಣಕ್ಕೆ ಉತ್ತರ ಬರೆಯುವಾಗ, ಒಳ್ಳೆಯ ಸುದ್ದಿ ಹೇಳುವಾಗ ಕಣ್ಣು ಮುಚ್ಚಿ ಬಳಸಬಹುದು. ಒಳಗೆ ‘ಲೈಟ್’ ಇದೆ ಅಂತ ಬೆಳಕಿಗೂ ಇದಕ್ಕೂ ಗಂಟು ಹಾಕಬೇಡಿ. ಹಳೆಯ ಕಾಲದಲ್ಲಿ ಸ್ಪೆಲ್ಲಿಂಗಿನಲ್ಲಿ ‘ಜಿಎಚ್’ ಅನ್ನುವ ಆ ಮೂಕ ಅಕ್ಷರಗಳು ಇರಲೇ ಇಲ್ಲ. ಲೈಟ್ ನೋಡಿಕೊಂಡು ಜನ ಆಮೇಲೆ ಸೇರಿಸಿದರು. ಅದರ ನಿಜವಾದ ನೆಂಟ ಡಿಲೀಷಿಯಸ್.

ಥ್ರಿಲ್ಡ್ ಮಾತಿನ ಪದ, ಡಿಲೈಟೆಡ್‌ಗಿಂತ ಒಂದು ಕೈ ಜೋರು. ಇದರ ಹುಟ್ಟು ನನಗೆ ತುಂಬಾ ಇಷ್ಟ. ಹಳೆಯ ಇಂಗ್ಲಿಷಿನಲ್ಲಿ ತೂತು ಕೊರೆಯುವುದು ಅನ್ನುವ ಅರ್ಥದ ಪದ ಇದು. ಮೂಗಿನ ಹೊಳ್ಳೆಗೆ ಹೇಳುವ ‘ನಾಸ್ಟ್ರಿಲ್’ನ ‘ಟ್ರಿಲ್’ ಕೂಡ ಅದೇ ತೂತು. ಖುಷಿ ಮೈಯೊಳಗೆ ಚುಚ್ಚಿಕೊಂಡು ಹೋಯಿತು ಅಂತ. ಕನ್ನಡದಲ್ಲಿ ‘ಥ್ರಿಲ್ ಆಯ್ತು’ ಅಂದರೆ ನಾವು ಭಯ ಬೆರೆತ ರೋಮಾಂಚನವನ್ನೂ ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಐ ಆಮ್ ಥ್ರಿಲ್ಡ್’ ಅಂದರೆ ಖುಷಿ ಮಾತ್ರ.

ಇಲೇಟೆಡ್ ಅಂದರೆ ಲ್ಯಾಟಿನ್ನಿನಲ್ಲಿ ಮೇಲಕ್ಕೆ ಎತ್ತಲ್ಪಟ್ಟ. ಗೆದ್ದಾಗ, ಪಾಸಾದಾಗ, ಆಯ್ಕೆಯಾದಾಗ ಗಾಳಿಯಲ್ಲಿ ತೇಲುತ್ತೇವಲ್ಲ, ಅದು. ಹಿಗ್ಗಿಗೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಇಂಗ್ಲಿಷ್ ಪದ ನನಗೆ ಸಿಕ್ಕಿಲ್ಲ. ಓವರ್‌ಜಾಯ್ಡ್ ಮನೆಯ ಸುದ್ದಿಗಳಿಗೆ: ಮಗು ಹುಟ್ಟಿತು, ಅಣ್ಣ ಹಿಂತಿರುಗಿ ಬಂದ.

ಎಕ್ಸ್‌ಟಾಟಿಕ್ ಕೊನೆಯ ಮೆಟ್ಟಿಲು. ಗ್ರೀಕಿನ ‘ಎಕ್‌ಸ್ಟಾಸಿಸ್’ ಅಂದರೆ ತನ್ನಿಂದ ತಾನು ಹೊರಗೆ ನಿಲ್ಲುವುದು. ನಾವು ಮೈಮರೆತೆ ಅನ್ನುತ್ತೇವೆ, ಅವರು ಮೈಬಿಟ್ಟೆ ಅಂದರು. ಇದನ್ನು ದಿನಾ ಬಳಸಿದರೆ ಸವೆದುಹೋಗುತ್ತದೆ. ನಾಮಪದ ‘ಎಕ್ಸ್‌ಟಸಿ’ ಒಂದು ಮಾದಕ ವಸ್ತುವಿನ ಹೆಸರೂ ಹೌದು, ಬರೆಯುವಾಗ ಅದೂ ನೆನಪಿರಲಿ. ಯೂಫೋರಿಯಾ ಮೊದಲು ವೈದ್ಯರ ಪದ. ರೋಗ ಇದ್ದರೂ ರೋಗಿಗೆ ಹಾಯಾಗಿದೆ ಅನ್ನಿಸುವುದಕ್ಕೆ ಹಾಗನ್ನುತ್ತಿದ್ದರು. ಆ ನೆರಳು ಇನ್ನೂ ಹೋಗಿಲ್ಲ. ಈ ಉಬ್ಬರ ಇಳಿಯುತ್ತದೆ ಅನ್ನುವ ಸೂಚನೆ ಅದರಲ್ಲಿ ಇದ್ದೇ ಇರುತ್ತದೆ.

ಬ್ಲಿಸ್ ಇವುಗಳ ಸಾಲಿನಲ್ಲಿ ಕಾಣಿಸಿಕೊಂಡರೂ ಸದ್ದು ಮಾಡುವುದಿಲ್ಲ. ಅದು ‘ಇದ್ದೇನೆ’ ಗುಂಪಿನದು, ನಮ್ಮ ‘ಆನಂದ’. ಸಚ್ಚಿದಾನಂದದ ಆನಂದಕ್ಕೆ ಇಂಗ್ಲಿಷಿನಲ್ಲಿ ಬ್ಲಿಸ್ ಅಂತಲೇ ರೂಢಿ. ‘ಬ್ಲಿಸ್‌ಫುಲಿ ಅನ್‌ಅವೇರ್’ ಅಂತ ಕಂಡರೆ ಮಾತ್ರ ಅಲ್ಲಿ ವ್ಯಂಗ್ಯ ಇದೆ. ಸುತ್ತ ಏನಾಗುತ್ತಿದೆ ಅಂತ ಗೊತ್ತಿಲ್ಲದೆ ಹಾಯಾಗಿರುವವರು ಅಂತ.

ಕನ್ನಡದೊಳಗೆ ಬಂದು ವೇಷ ಬದಲಿಸಿದವು

ಜಾಲಿ ನಮ್ಮಲ್ಲಿ ಬೇರೆಯೇ ಆಗಿದೆ. ‘ಜಾಲಿಯಾಗಿದ್ದೀನಿ’ ಅಂದರೆ ತಲೆಬಿಸಿ ಇಲ್ಲ, ಆರಾಮಾಗಿದ್ದೀನಿ ಅಂತ. ಇದನ್ನು ಹಾಗೇ ಇಂಗ್ಲಿಷಿಗೆ ಎತ್ತಿ ‘ಐ ಆಮ್ ಜಾಲಿ’ ಅಂದರೆ ಕೇಳಿದವರ ಕಣ್ಣ ಮುಂದೆ ದುಂಡಗಿನ ಹೊಟ್ಟೆ, ಕೆಂಪು ಕೆನ್ನೆಯ ಸಾಂಟಾ ಕ್ಲಾಸ್ ಬರುತ್ತಾನೆ. ಈಗ ಅದು ಹಳೇ ಕಾಲದ ಪದ. ಆರಾಮಾಗಿರುವುದಕ್ಕೆ ‘ರಿಲ್ಯಾಕ್ಸ್ಡ್’ ಅನ್ನಿ.

ಎಂಜಾಯ್‌ಗೆ ಇಂಗ್ಲಿಷಿನಲ್ಲಿ ಕರ್ಮಪದ ಬೇಕು. ‘ಸಕ್ಕತ್ ಎಂಜಾಯ್ ಮಾಡಿದೆ’ ಅಂತ ಕನ್ನಡದಲ್ಲಿ ನಿಲ್ಲಿಸಬಹುದು. ‘ಐ ಎಂಜಾಯ್ಡ್ ಎ ಲಾಟ್’ ಅಂತ ನಿಲ್ಲಿಸಿದರೆ ಏನನ್ನು ಅನ್ನುವ ಪ್ರಶ್ನೆ ಉಳಿಯುತ್ತದೆ. ‘ಎಂಜಾಯ್ಡ್ ಇಟ್’ ಅಥವಾ ‘ಎಂಜಾಯ್ಡ್ ಮೈಸೆಲ್ಫ್’ ಆಗಬೇಕು. ಒಂಟಿಯಾಗಿ ‘ಎಂಜಾಯ್!’ ಅನ್ನುವುದು ಬೇರೆಯವರಿಗೆ ಹಾರೈಸುವಾಗ ಮಾತ್ರ.

ಗೇ ಅಂದರೆ ಸಂತೋಷ ಅಂತ ಹಳೆಯ ಪದ್ಯಗಳಲ್ಲಿ ಸಿಗುತ್ತದೆ. ಈಗ ಅದಕ್ಕೆ ಸಲಿಂಗಿ ಅನ್ನುವ ಅರ್ಥವೇ ನಿಂತಿದೆ. ಓದುವಾಗ ಹಳೆಯ ಅರ್ಥ ಗೊತ್ತಿದ್ದರೆ ಸಾಕು, ಬರೆಯುವಾಗ ಬಳಸುವುದು ಬೇಡ.

ಮೆರಿ ಬಹುಮಟ್ಟಿಗೆ ಕ್ರಿಸ್‌ಮಸ್‌ಗೆ ಅಂಟಿಕೊಂಡಿದೆ. ಇಂಗ್ಲೆಂಡಿನ ಹೆನ್ರಿ ಕೋಲ್ 1843ರಲ್ಲಿ ಅಚ್ಚು ಹಾಕಿಸಿದ ಮೊದಲ ಕ್ರಿಸ್‌ಮಸ್ ಕಾರ್ಡಿನಲ್ಲೇ ಕ್ರಿಸ್‌ಮಸ್‌ಗೆ ಮೆರಿ, ಹೊಸ ವರ್ಷಕ್ಕೆ ಹ್ಯಾಪಿ ಅಂತ ಇತ್ತು. ಇವತ್ತಿಗೂ ‘ಮೆರಿ ನ್ಯೂ ಇಯರ್’ ಅಂತ ಯಾರೂ ಅನ್ನುವುದಿಲ್ಲ. ಬೇರೆ ಯಾವ ಹಬ್ಬಕ್ಕಾದರೂ ಹ್ಯಾಪಿ ಅಂತಲೇ ಹಾರೈಸಿ. ಬ್ರಿಟನ್ನಿನಲ್ಲಿ ಒಬ್ಬರನ್ನು ‘ಎ ಬಿಟ್ ಮೆರಿ’ ಅಂದರೆ ಸ್ವಲ್ಪ ಏರಿದೆ ಅಂತ ಅರ್ಥ. ಈ ಪದದ ಮೂಲದಲ್ಲಿ ‘ಚಿಕ್ಕದು’ ಅನ್ನುವ ಅರ್ಥ ಇತ್ತು, ಹೊತ್ತು ಚಿಕ್ಕದು ಅನ್ನಿಸುವಂತೆ ಮಾಡುವುದು ಅಂತ ಬಂತು ಅಂತ ಪದಗಳ ಮೂಲ ಹುಡುಕುವವರು ಊಹಿಸುತ್ತಾರೆ. ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ ಅನ್ನುತ್ತೇವಲ್ಲ ನಾವು.

ಚಿಯರ್‌ಫುಲ್ ಬಗ್ಗೆ ಒಂದೇ ಮಾತು. ‘ಚಿಯರ್’ ಅಂದರೆ ಹಳೆಯ ಫ್ರೆಂಚಿನಲ್ಲಿ ಮುಖ. ಚಿಯರ್‌ಫುಲ್ ಅನ್ನುವುದು ಹೊರಗೆ ಕಾಣುವ ಖುಷಿ, ನಗುಮುಖ. ಒಳಗೆ ಹೇಗಿದ್ದಾರೋ ಅದು ಹೇಳುವುದಿಲ್ಲ. ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಿದವರು ಚಿಯರ್‌ಫುಲ್ ಆಗಿರಬಹುದು, ಹ್ಯಾಪಿ ಆಗಿರಬೇಕಿಲ್ಲ.

ನೆಮ್ಮದಿಗೆ ಏನು ಮಾಡೋಣ?

ಇಷ್ಟೆಲ್ಲ ಪದ ಇದ್ದೂ ಇಂಗ್ಲಿಷಿನಲ್ಲಿ ನೆಮ್ಮದಿಗೆ ಒಂದು ಪದ ಇಲ್ಲ. ಕಂಟೆಂಟ್ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಬೇಡಿಕೆ ಇಲ್ಲ ಅನ್ನುವುದು ಮುಖ್ಯ. ನೆಮ್ಮದಿಯಲ್ಲಿ ಕಾಟ ಇಲ್ಲ ಅನ್ನುವುದು ಮುಖ್ಯ. ‘ಪೀಸ್ ಆಫ್ ಮೈಂಡ್’ ಅಂತ ಎಲ್ಲ ಕಡೆ ಹಾಕುತ್ತಾರೆ, ಎಷ್ಟೋ ಕಡೆ ಸರಿಹೋಗುತ್ತದೆ. ಈಚೆಗೆ ಒಂದು ಕಥೆ ಇಂಗ್ಲಿಷಿಗೆ ಮಾಡುತ್ತಿದ್ದೆ. ಅದರಲ್ಲಿ ಅಜ್ಜಿ ಮೂರು ಕಡೆ ನೆಮ್ಮದಿ ಅನ್ನುತ್ತಾಳೆ. ಸಾಲ ತೀರಿದ ದಿನ ‘ಇನ್ನು ನೆಮ್ಮದಿ’ ಅಂದದ್ದಕ್ಕೆ ‘ರಿಲೀಫ್’ ಹಾಕಿದೆ, ಅದು ಆಯಿತು ಗುಂಪಿನ ನೆಮ್ಮದಿ. ‘ಮಗಳು ನೆಮ್ಮದಿಯಾಗಿದ್ದಾಳೆ’ ಅಂದದ್ದಕ್ಕೆ ‘ಹ್ಯಾಪಿ ಅಂಡ್ ಸೆಟಲ್ಡ್’ ಅಂತ ಎರಡು ಪದ ಬೇಕಾಯಿತು. ಮೂರನೆಯದು ಕಡೆಯ ಪುಟದಲ್ಲಿದೆ. ಜಗಲಿಯ ಕಂಬಕ್ಕೆ ಒರಗಿ ಕೂತು, ಯಾರೂ ಕೇಳದಿದ್ದರೂ, ‘ನೆಮ್ಮದಿ’ ಅಂತ ಒಂದೇ ಪದ ಹೇಳುತ್ತಾಳೆ. ಅಲ್ಲಿ ಏನೇನೋ ಬರೆದು ಹೊಡೆದುಹಾಕಿದೆ. ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಹಾಕಿದ ಪ್ರಶ್ನಾರ್ಥಕ ಚಿಹ್ನೆ ಇನ್ನೂ ಹಾಗೇ ಇದೆ.